ಕಮಾನು ಇದೆ, ಕೂರಲು ಕಟ್ಟೆ ಇಲ್ಲ

ನಮ್ಮೂರಿನ ಲೈಬ್ರರಿ ಎದುರು ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಮಾಡಿದ ಕಂಚಿನ ಕಮಾನೊಂದು ನಿಂತಿದೆ. 20 ಅಡಿ ಎತ್ತರ, ಹಸಿರು ತಿರುಗಿದ ಮೈ. ತಲೆ ಬಗ್ಗಿಸದೆ ಮೂರ್ನಾಲ್ಕು ಜನ ಒಟ್ಟಿಗೆ ಅದರಡಿ ದಾಟಿಹೋಗಬಹುದು. ಮ್ಯೂಸಿಯಮ್ಮುಗಳಲ್ಲಿ ಮೂರ್ ಅವರ ಕೃತಿಯ ಹತ್ತಿರ ಹೋದರೆ ಕಾವಲಿನವರು ಎದ್ದು ಬರುತ್ತಾರೆ. ಇಲ್ಲಿ ಪುಸ್ತಕ ಹಿಂದಿರುಗಿಸಲು ಬಂದ ಹುಡುಗ ಅದರ ಕಾಲಿಗೆ ಬೆನ್ನು ಕೊಟ್ಟು ಶೂ ಲೇಸು ಕಟ್ಟಿಕೊಳ್ಳುತ್ತಾನೆ. ನಾನೀಗ ನಮ್ಮೂರು ಅನ್ನುತ್ತಿರುವುದು ಇಂಡಿಯಾನಾ ರಾಜ್ಯದ ಕೊಲಂಬಸ್ಸನ್ನು. ಒಹಾಯೋದಲ್ಲಿರುವ ದೊಡ್ಡ ಕೊಲಂಬಸ್ ಬೇರೆ. ಇದು ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆ ದೂರದ, ಸುಮಾರು ಐವತ್ತು ಸಾವಿರ ಜನರ ಊರು. ಜೋಳ, ಸೋಯಾ ಹೊಲಗಳ ನಡುವೆ ಕಮಿನ್ಸ್ ಡೀಸೆಲ್ ಎಂಜಿನ್ ಕಂಪನಿಯ ಕೇಂದ್ರ. ಪುಣೆಯಲ್ಲಿ 1962ರಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಶುರುವಾದ ಮೇಲೆ ನಮ್ಮ ಕಡೆಯ ಎಂಜಿನಿಯರುಗಳಿಗೂ ಈ ಊರಿಗೂ ಒಂದು ದಾರಿ ಬಿತ್ತು. ಯಜಮಾನರ ಕೆಲಸದ ದೆಸೆಯಿಂದ ನಾವು ಬಂದದ್ದೂ ಅದೇ ದಾರಿಯಲ್ಲಿ.

ಕಟ್ಟಡಗಳನ್ನು ನೋಡುವ ಹವ್ಯಾಸ ಇರುವವರಿಗೆ ಈ ಊರಿನ ಹೆಸರು ಗೊತ್ತು. ಬೇರೆ ಕಡೆ ಮಹಾನಗರಗಳಿಗೆ ಮಾತ್ರ ಸಿಗುವಂಥ ವಾಸ್ತುಶಿಲ್ಪಿಗಳು ಇಲ್ಲಿ ಶಾಲೆ, ಬ್ಯಾಂಕು, ಅಗ್ನಿಶಾಮಕ ಠಾಣೆ, ಅಂಚೆ ಕಚೇರಿ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಬಸ್ಸಿನ ತುಂಬ ಪ್ರವಾಸಿಗರು ಬರುತ್ತಾರೆ. ಲೈಬ್ರರಿ ಕಟ್ಟಿದವರು ಐ. ಎಂ. ಪೇ, 1969ರಲ್ಲಿ. ಎದುರಿನ ಚರ್ಚು ಎಲಿಯೆಲ್ ಸಾರಿನೆನ್ ಅವರದು, 1942ರದು. ಅದರ ಗಡಿಯಾರದ ಗೋಪುರ 166 ಅಡಿ. ಇನ್ನೊಂದು ಮಗ್ಗುಲಲ್ಲಿ ಅರ್ವಿನ್ ಮನೆತನದ ಹಳೆಯ ಬಂಗಲೆ ಮತ್ತು ಅದರ ತೋಟ. ಈ ಮೂರರ ನಡುವೆ ಇಟ್ಟಿಗೆ ಹಾಸಿದ ಚೌಕ, ಚೌಕದಲ್ಲಿ ಕಮಾನು.

ಬಹಳ ಕಾಲದಿಂದ ನನ್ನನ್ನು ಒಂದು ವಿಷಯ ಕೊರೆಯುತ್ತಿದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಆ ಚೌಕವನ್ನು ದಾಟುವಾಗ ಅಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಫೋಟೋ ತೆಗೆದುಕೊಳ್ಳುವವರು ಬರುತ್ತಾರೆ, ಹೋಗುತ್ತಾರೆ. ಮದುವೆಯ ಜೋಡಿಗಳು, ಶಾಲೆ ಮುಗಿಸಿದ ಮಕ್ಕಳು ಕಪ್ಪು ಗೌನು ತೊಟ್ಟು ಕಮಾನಿನಡಿ ನಿಲ್ಲುತ್ತಾರೆ. ಸಂಗೀತ ಕಾರ್ಯಕ್ರಮ ಇಟ್ಟ ಸಂಜೆ ಚೌಕ ತುಂಬುತ್ತದೆ. ಸುಮ್ಮನೆ ಬಂದು, ಡಬ್ಬಿ ಬಿಚ್ಚಿ, ಅರ್ಧ ಗಂಟೆ ಕೂತು ಎದ್ದುಹೋಗುವ ಜನ ಮಾತ್ರ ಕಾಣುವುದಿಲ್ಲ. ಎರಡು ಮೂರು ಬೀದಿ ಆಚೆ, ವಾಷಿಂಗ್ಟನ್ ಬೀದಿಯಲ್ಲಿರುವ ಕಾಮನ್ಸ್ ಅನ್ನುವ ಗಾಜಿನ ಕಟ್ಟಡದಲ್ಲಿ ಅದೇ ಹೊತ್ತಿಗೆ ಗದ್ದಲವೋ ಗದ್ದಲ. ಎರಡೂ ಕಡೆ ದೊಡ್ಡ ಕಲಾವಿದರ ಕೃತಿಗಳಿವೆ. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಮನೆತನದ ಹಣ ಬಂದಿದೆ. ಒಂದು ಕಡೆ ಜನ ನಿಲ್ಲುತ್ತಾರೆ, ಇನ್ನೊಂದು ಕಡೆ ದಾಟಿಹೋಗುತ್ತಾರೆ.

ಅಪ್ಪ ಕಮಾನಿಗೆ ಸುತ್ತು ಬಂದದ್ದು

ಅಪ್ಪ ಅಮ್ಮ ಹಾಸನದಿಂದ ಬಂದಿದ್ದ ಬೇಸಿಗೆಯಲ್ಲಿ ಅವರಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಪಶುಸಂಗೋಪನಾ ಇಲಾಖೆಯಲ್ಲಿದ್ದು ನಿವೃತ್ತರಾದವರು, ಆಲೂರು ಸಕಲೇಶಪುರದ ಕಡೆ ಹಳ್ಳಿ ಹಳ್ಳಿ ತಿರುಗಿ ದನಗಳಿಗೆ ಚುಚ್ಚುಮದ್ದು ಹಾಕಿದವರು. ಆಧುನಿಕ ಶಿಲ್ಪ ಅಂದರೆ ಏನೆಂದು ಹೇಗೆ ವಿವರಿಸುವುದು ಅಂತ ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ವಿವರಿಸುವ ಸಂದರ್ಭವೇ ಬರಲಿಲ್ಲ. ಅಪ್ಪ ಕಮಾನಿನ ಎದುರು ನಿಂತು, ಕತ್ತು ಹಿಂದಕ್ಕೆ ಬಾಗಿಸಿ ನೋಡಿ, "ಇದು ಮೂಳೆ ಕಣಮ್ಮ" ಅಂದರು. "ಸೊಂಟದ್ದೋ ಭುಜದ್ದೋ ಅಂತ ಹೇಳಕ್ಕಾಗಲ್ಲ. ಆದ್ರೆ ಮೂಳೆ. ಈ ತಿರುವು ನೋಡು, ಇಲ್ಲಿ ದಪ್ಪ ಆಗಿ ಅಲ್ಲಿ ಸಣ್ಣ ಆಗೋದು, ಭಾರ ಹೊರೋ ಕಡೆ ಹೀಗೇ ಇರುತ್ತೆ."

ನನಗೆ ಮೈ ಜುಂ ಅಂತು. ಮೂರ್ ತಮ್ಮ ಕೆಲಸದ ಕೋಣೆಯಲ್ಲಿ ಮೂಳೆಗಳನ್ನೂ ಬೆಣಚುಕಲ್ಲುಗಳನ್ನೂ ಕೂಡಿಟ್ಟುಕೊಂಡು, ಅವುಗಳಿಂದಲೇ ಆಕಾರ ಕಂಡುಕೊಳ್ಳುತ್ತಿದ್ದರು. ಈ ಕಮಾನಿನ ಮೂಲವೂ 1960ರ ದಶಕದ ಆರಂಭದಲ್ಲಿ ಅವರು ಮಾಡಿದ ಮನುಷ್ಯನ ಮುಂಡದ ಒಂದು ಶಿಲ್ಪ. ಭುಜ, ಎದೆಗೂಡಿನ ಎಲುಬನ್ನೇ ಎರಡು ಕಾಲಿನ ಮೇಲೆ ನಿಲ್ಲಿಸಿದ ಹಾಗೆ. ಕಲಾ ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಿದ್ದನ್ನು ಅಪ್ಪ ದನದ ಮೈಯ ಪರಿಚಯದಿಂದ ಒಂದೇ ನೋಟಕ್ಕೆ ಹೇಳಿದ್ದರು. ಆಮೇಲೆ ಒಳಗೆ ಹೋಗಿ ಕಂಚನ್ನು ಅಂಗೈಯಿಂದ ತಟ್ಟಿ ಸದ್ದು ಕೇಳಿದರು. ಹೊರಗೆ ಬಂದು ಎಡದಿಂದ ಬಲಕ್ಕೆ ಪೂರ್ತಿ ಒಂದು ಸುತ್ತು ಹಾಕಿದರು. ಒಂದು ಮಗ್ಗುಲಿನಿಂದ ನೋಡಿದರೆ ಚರ್ಚಿನ ಗೋಪುರ ಕಮಾನಿನೊಳಗೆ ಬಂದು ನಿಲ್ಲುತ್ತದೆ. ಇನ್ನೆರಡು ಹೆಜ್ಜೆ ಇಟ್ಟರೆ ಮಾಯ. ಅದನ್ನು ಯಾರೂ ತೋರಿಸದೆ ತಾವೇ ಕಂಡುಕೊಂಡು, ಅಮ್ಮನನ್ನು ಕರೆದು ಅದೇ ಇಟ್ಟಿಗೆಯ ಮೇಲೆ ನಿಲ್ಲಿಸಿ ತೋರಿಸಿದರು.

ಅಷ್ಟರಲ್ಲಿ ಮಂಡಿ ನೋವು ಶುರುವಾಯಿತು. ಜುಲೈ ತಿಂಗಳು, ನಡು ಮಧ್ಯಾಹ್ನ, ಇಟ್ಟಿಗೆ ಕಾದಿತ್ತು. ಕಮಾನಿನ ಹತ್ತಿರ ಕೂರುವ ಜಾಗ ಇರಲಿಲ್ಲ. ಚೌಕದ ಅಂಚಿಗೆ ನಡೆದು ಹೋಗಿ ನೆರಳಿನಲ್ಲಿ ಕೂತರು. ಅಲ್ಲಿಂದ ಕಮಾನು ದೂರ. ಸ್ವಲ್ಪ ಹೊತ್ತು ನೋಡಿ ಅಪ್ಪ ಅಂದರು, "ಬೇಲೂರಲ್ಲಿ ಜಗಲಿ ಮಾಡಿದಾರಲ್ಲಮ್ಮ, ಅದು ಸುಮ್ನೆ ಮಾಡಿದ್ದಲ್ಲ."

ಬೇಲೂರು, ಹಳೇಬೀಡಿಗೆ ನಾವು ಚಿಕ್ಕಂದಿನಿಂದ ಹೋಗುತ್ತಿದ್ದವರು. ಎಷ್ಟು ಸಲ ಹೋಗಿದ್ದರೂ ಆ ಜಗತಿಯ, ಅಂದರೆ ಗುಡಿ ನಿಂತಿರುವ ಕಲ್ಲಿನ ಜಗಲಿಯ, ಬಗ್ಗೆ ನಾನು ಯೋಚಿಸಿರಲಿಲ್ಲ. ಗುಡಿಯ ನಕ್ಷತ್ರದಾಕಾರದ ಮೈಯನ್ನೇ ಅನುಸರಿಸಿ, ಅಷ್ಟೇ ಮೂಲೆ ಮುರಿಗಳನ್ನಿಟ್ಟುಕೊಂಡು, ಗೋಡೆಯಿಂದ ಒಂದಷ್ಟು ಅಗಲ ಬಿಟ್ಟು ಜಗತಿ ಸುತ್ತುತ್ತದೆ. ಪ್ರದಕ್ಷಿಣೆ ಬರಬೇಕಾದರೆ ಆನೆ ಸಾಲು, ಕುದುರೆ ಸಾಲು, ಕಥೆ ಹೇಳುವ ಪಟ್ಟಿಕೆ ಎಲ್ಲ ಕಣ್ಣಿನ ಮಟ್ಟಕ್ಕೆ, ಕೈಗೆಟಕುವಷ್ಟು ಹತ್ತಿರ. ಕಾಲು ಸೋತರೆ ಜಗತಿಯ ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂರಬಹುದು. ಕೂತವರ ಹಿಂದೆ ಗುಡಿ, ಮುಂದೆ ಬಯಲು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿಯಲ್ಲಿ ಇವತ್ತಿಗೂ ಶಾಲಾ ಪ್ರವಾಸದ ಮಕ್ಕಳು ಅಲ್ಲೇ ಕೂತು ಉಸಿರು ಬಿಡುತ್ತಾರೆ. ನೋಡುವವನ ದೇಹವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ್ದು ಅದು: ಎಲ್ಲಿ ನಡೆಯುತ್ತಾನೆ, ಎಲ್ಲಿ ತಿರುಗುತ್ತಾನೆ, ಎಲ್ಲಿ ಸುಸ್ತಾಗುತ್ತಾನೆ.

ಪೇ ಅವರೂ ನೋಡುವವರ ದೇಹವನ್ನು ಮರೆತವರೇನಲ್ಲ. ಲೈಬ್ರರಿಗೆ ಒಂದು ಅಂಗಳ ಬೇಕು ಅಂತ ಅಲ್ಲಿದ್ದ ರಸ್ತೆಯ ಒಂದು ತುಂಡನ್ನೇ ಮುಚ್ಚಿಸಿದರು. ಕಾರುಗಳ ದೇಶದಲ್ಲಿ, ಅದೂ 1960ರ ದಶಕದಲ್ಲಿ, ಇದು ಸಣ್ಣ ಮಾತಲ್ಲ. ಅಂಗಳಕ್ಕೆ ಒಂದು ಶಿಲ್ಪ ಬೇಕು, ಜನ ಅದರೊಳಗೆ ನಡೆದು ಹೋಗುವ ಹಾಗಿರಬೇಕು ಅನ್ನುವುದೂ ಅವರ ಆಸೆಯೇ. 1971ರಲ್ಲಿ ಕಮಾನು ಬಂದು ನಿಂತಾಗ ಎರಡು ಕಟ್ಟಡಗಳ ನಡುವಿನ ಖಾಲಿ ಜಾಗಕ್ಕೆ ಒಂದು ನಡು ಸಿಕ್ಕಿತು. ಹಾದುಹೋಗುವವನಿಗೆ ಬೇಕಾದ್ದನ್ನೆಲ್ಲ ಅವರು ಕೊಟ್ಟಿದ್ದಾರೆ. ಉಳಿಯುವವನಿಗೆ ಕೊಡಲಿಲ್ಲ.

ಪಟ್ಟಿಯಿಂದ ಆರಿಸಿದ ಊರು

ಇಲ್ಲಿ ಹಣದ ಮಾತು ಹೇಳಿಬಿಡಬೇಕು. ಕ್ಲೆಸಿ ಕಮಿನ್ಸ್ ಅನ್ನುವಾತ ಅರ್ವಿನ್ ಅನ್ನುವ ಬ್ಯಾಂಕಿನವರ ಕಾರು ಓಡಿಸುತ್ತಿದ್ದ. ಡ್ರೈವರನ ಕೈಯ ಕಸುಬು, ಯಜಮಾನನ ಬಂಡವಾಳ ಸೇರಿ 1919ರಲ್ಲಿ ಎಂಜಿನ್ ಕಂಪನಿ ಹುಟ್ಟಿತು. ಮುಂದೆ ಅದನ್ನು ನಡೆಸಿದವರು ಅದೇ ಮನೆತನದ ಜೆ. ಅರ್ವಿನ್ ಮಿಲ್ಲರ್. ಎರಡನೇ ಮಹಾಯುದ್ಧ ಮುಗಿದು ಊರಿನಲ್ಲಿ ಮಕ್ಕಳ ಸಂಖ್ಯೆ ಏರಿ ಶಾಲೆಗಳು ಬೇಕಾದಾಗ ಅವರು ಒಂದು ಮಾತು ಮುಂದಿಟ್ಟರು. ಶಾಲೆಯನ್ನು ಸರ್ಕಾರದ ಹಣದಲ್ಲಿ ನೀವೇ ಕಟ್ಟಿಕೊಳ್ಳಿ. ನಾವು ಕೊಡುವ ಪಟ್ಟಿಯಲ್ಲಿರುವ ವಾಸ್ತುಶಿಲ್ಪಿಗಳಲ್ಲಿ ಒಬ್ಬರನ್ನು ಆರಿಸಿಕೊಂಡರೆ ಅವರ ಶುಲ್ಕ ಪೂರ್ತಿ ಕಂಪನಿಯ ಪ್ರತಿಷ್ಠಾನದ್ದು. 1957ರಲ್ಲಿ ಹ್ಯಾರಿ ವೀಸ್ ಕಟ್ಟಿದ ಪ್ರಾಥಮಿಕ ಶಾಲೆಯೊಂದಿಗೆ ಇದು ಶುರುವಾಯಿತು. ಆಮೇಲೆ ಎಷ್ಟೋ ಶಾಲೆ, ಠಾಣೆ, ಕಚೇರಿಗಳು ಹೀಗೇ ಬಂದವು.

ಈ ಏರ್ಪಾಟನ್ನು ನಾನು ಮೆಚ್ಚುತ್ತೇನೆ. ದಾನಿಯ ಹೆಸರಿನ ಕಟ್ಟಡ ಮೇಲಿಂದ ಇಳಿದು ಬರಲಿಲ್ಲ. ಕಟ್ಟಡ ಶಾಲಾ ಮಂಡಳಿಯದಾಗಿಯೇ ಉಳಿಯಿತು, ಆಯ್ಕೆಯೂ ಅವರದೇ. ಊರಿನ ಅಂಚೆ ಕಚೇರಿಯೂ ಕೆವಿನ್ ರೋಶ್ ಅವರಂಥವರ ಕೈಯಿಂದ ಬರಲಿ ಅನ್ನುವ ಆಸೆ ದೊಡ್ಡದು. ಆದರೆ ಶುಲ್ಕ ಕೊಡುವುದು ಕಟ್ಟುವ ತನಕದ ಮಾತು. ಕಟ್ಟಿ ಮುಗಿದ ಮರುದಿನದಿಂದ ಆ ಜಾಗದಲ್ಲಿ ಯಾರು ಕೂರುತ್ತಾರೆ, ಮರಕ್ಕೆ ನೀರು ಯಾರು ಹಾಕುತ್ತಾರೆ, ಇಟ್ಟಿಗೆ ಸಡಿಲವಾದರೆ ಯಾರು ಕೂರಿಸುತ್ತಾರೆ ಅನ್ನುವುದಕ್ಕೆ ಪಟ್ಟಿ ಇರಲಿಲ್ಲ. ಸಾರಿನೆನ್ ಗೋಪುರದ ಇಟ್ಟಿಗೆಗಳು ಬಿರುಕು ಬಿಟ್ಟು, ಈಚೆಗೆ ಚಂದಾ ಎತ್ತಿ ದುರಸ್ತಿ ಮಾಡಿಸಬೇಕಾಯಿತು.

ಕೋರ್ಟಿನ ಅಂಗಳದಲ್ಲಿರುವ ಯುದ್ಧ ಸ್ಮಾರಕದ ಬಗ್ಗೆ ಎರಡು ಮಾತು. 1997ರದು. ಸುಣ್ಣಕಲ್ಲಿನ 25 ಕಂಬಗಳು, ಒಂದೊಂದೂ 40 ಅಡಿ, ಒತ್ತೊತ್ತಾಗಿ ನಿಂತಿವೆ. ದೂರದಿಂದ ನೋಡಿದರೆ ಕಲ್ಲಿನ ದೊಡ್ಡ ತುಂಡು. ಒಳಗೆ ಕಾಲಿಟ್ಟರೆ ಕಂಬಗಳ ಮೇಲೆ ಸತ್ತ ಸೈನಿಕರ ಹೆಸರುಗಳು, ಅವರು ಮನೆಗೆ ಬರೆದ ಪತ್ರಗಳು ಕೊರೆದಿವೆ. ಇಲ್ಲಿಯೂ ಬೆಂಚಿಲ್ಲ, ಆದರೆ ಜನ ನಿಲ್ಲುತ್ತಾರೆ. ಓದುವುದಕ್ಕಿದೆಯಲ್ಲ, ಅದಕ್ಕೆ. ಒಂದು ಪತ್ರ ಓದಿದವರು ಇನ್ನೊಂದರ ಮುಂದೆ ಹೋಗುತ್ತಾರೆ. ಎಲ್ಲ ಕಡೆಯೂ ಬೆಂಚೇ ಮದ್ದು ಅಂತ ನಾನು ಹೇಳುವುದಿಲ್ಲ. ನಿಲ್ಲುವುದಕ್ಕೆ ಒಂದು ನೆವ ಬೇಕು.

ಗುಜರಿಯಿಂದ ಎದ್ದ ಯಂತ್ರ

ಕಾಮನ್ಸ್‌ನಲ್ಲಿ ಆ ನೆವ ಎಷ್ಟೊಂದು ಬಗೆಯಲ್ಲಿದೆ! 1970ರ ಹೊತ್ತಿಗೆ ಇಲ್ಲಿಯ ಪೇಟೆಯೂ ಅಮೆರಿಕದ ಉಳಿದ ಸಣ್ಣ ಊರುಗಳ ಹಾಗೆ ಸೊರಗುತ್ತಿತ್ತು, ಅಂಗಡಿಗಳು ಹೆದ್ದಾರಿಯ ಕಡೆಗೆ ಹೋಗುತ್ತಿದ್ದವು. ಮಳೆ, ಹಿಮ ಯಾವುದಿದ್ದರೂ ಜನ ಸೇರುವಂಥ ಸೂರಿನಡಿಯ ಚೌಕವೊಂದನ್ನು ಮಿಲ್ಲರ್ ಕುಟುಂಬದವರು ಕಟ್ಟಿಸಿ ಊರಿಗೆ ಕೊಟ್ಟರು. 1973ರಲ್ಲಿ ಸೀಸರ್ ಪೆಲ್ಲಿ ಅದನ್ನು ಕಂದು ಗಾಜಿನಲ್ಲಿ ವಿನ್ಯಾಸ ಮಾಡಿದರು. ಅದರ ನಡುವೆ ನಿಲ್ಲಿಸಲು ಸ್ವಿಟ್ಜರ್ಲೆಂಡಿನ ಶಿಲ್ಪಿ ಜಾನ್ ಟ್ಯಾಂಗ್ಲಿಯವರನ್ನು ಕರೆಸಿದರು. ಅವರು ಈ ಸುತ್ತಿನ ಗುಜರಿಯಿಂದ ಕಬ್ಬಿಣ ಆರಿಸಿ ತಂದು, 1974ರಲ್ಲಿ 'ಕೇಯಾಸ್ ಒನ್' ಅನ್ನುವ ಸುಮಾರು 30 ಅಡಿ ಎತ್ತರದ ಯಂತ್ರ ಕಟ್ಟಿದರು. ಚಕ್ರ, ಸರಪಳಿ, ತಿರುಗುವ ಕೈಗಳು, ಹಳಿಯ ಮೇಲೆ ಉರುಳುವ ಕಬ್ಬಿಣದ ಗುಂಡುಗಳು. ಮೋಟಾರು ಚಾಲೂ ಆದರೆ ಇಡೀ ಯಂತ್ರ ನಿಧಾನವಾಗಿ ಮೈ ಮುರಿಯುತ್ತದೆ, ಗುಂಡು ಡಬ್ ಅಂತ ಬೀಳುತ್ತದೆ. ಅದು ಏನನ್ನೂ ತಯಾರು ಮಾಡುವುದಿಲ್ಲ. ಎಂಜಿನ್ ಮಾಡುವ ಊರಿನಲ್ಲಿ, ಎಂಜಿನ್ ಜೋಡಿಸುವ ಕಾರ್ಮಿಕರ ಮಕ್ಕಳ ಮುಂದೆ, ಕೆಲಸವಿಲ್ಲದ ಒಂದು ಯಂತ್ರವನ್ನು ಅಷ್ಟು ಅಕ್ಕರೆಯಿಂದ ತಿರುಗಿಸುವುದು ನನಗೆ ಬಹಳ ಇಷ್ಟ.

ಕಟ್ಟಡ ಹಳೆಯದಾಗಿ 2008ರಲ್ಲಿ ಕೆಡವುವಾಗ ಯಂತ್ರವನ್ನು ಕದಲಿಸಲಿಲ್ಲ. ಅದನ್ನು ಅಲ್ಲೇ ಬಿಟ್ಟು ಸುತ್ತಲಿನದ್ದನ್ನು ಕೆಡವಿ, ಮತ್ತೆ ಅದರ ಸುತ್ತಲೇ ಕಟ್ಟಿದರು. 2011ರಲ್ಲಿ ತೆರೆದ ಹೊಸ ಕಾಮನ್ಸ್‌ನಲ್ಲಿ ಮಕ್ಕಳಿಗಾಗಿ ಲಕ್ಕಿ ಕ್ಲೈಂಬರ್ ಅನ್ನುವ ಹತ್ತುವ ಆಟ ಬಂತು. ಎಲೆಗಳ ಹಾಗೆ ಬಾಗಿದ ಹಲಗೆಗಳು ಒಂದರ ಮೇಲೊಂದು, ಸುತ್ತ ಬಲೆ. ಮಕ್ಕಳು ಅದರೊಳಗೆ ತೂರಿ ಮೇಲಿನ ಮಹಡಿಯವರೆಗೆ ಹತ್ತುತ್ತಾರೆ. ದುಡ್ಡು ಕೊಡಬೇಕಾಗಿಲ್ಲ, ಏನೂ ಕೊಳ್ಳಬೇಕಾಗಿಲ್ಲ. ಇಂಡಿಯಾನಾದ ಜನವರಿಯಲ್ಲಿ, ಸಂಜೆ ಐದೂವರೆಗೆ ಕತ್ತಲಾಗುವ ದಿನಗಳಲ್ಲಿ, ಪುಟ್ಟ ಮಗುವನ್ನಿಟ್ಟುಕೊಂಡು ಮನೆಯೊಳಗೆ ಕೂತ ತಾಯಿಗೆ ಇದು ಏನೆಂದು ಹೇಳಿದರೆ ಅರ್ಥವಾಗಲಿಕ್ಕಿಲ್ಲ. ನನ್ನ ಮಗಳು ನಡೆಯಲು ಕಲಿತ ಚಳಿಗಾಲದಲ್ಲಿ ನನಗೆ ಈ ಊರಿನಲ್ಲಿ ಪರಿಚಯವಾದವರೆಲ್ಲ ಅಲ್ಲಿಯವರೇ. ಮೆಕ್ಸಿಕೋದಿಂದ ಬಂದ ಒಬ್ಬಾಕೆ, ಚೆನ್ನೈಯ ಒಬ್ಬರು, ಮೂರು ತಲೆಮಾರಿನಿಂದ ಇಲ್ಲೇ ಇರುವ ಒಬ್ಬ ಅಜ್ಜಿ. ಮಕ್ಕಳು ಬಲೆಯೊಳಗೆ, ನಾವು ಹೊರಗೆ, ನಮ್ಮ ನೆತ್ತಿಯ ಮೇಲೆ ಟ್ಯಾಂಗ್ಲಿಯ ಚಕ್ರಗಳು. ಆ ಅಜ್ಜಿ ತಾನು ಎಳೆ ಹುಡುಗಿಯಾಗಿದ್ದಾಗ ಈ ಯಂತ್ರ ಮೊದಲ ಸಲ ತಿರುಗಿದ್ದನ್ನು ನೋಡಿದ್ದರಂತೆ. ಗುಂಡು ಬೀಳುವ ಕ್ಷಣಕ್ಕೆ ಮಾತು ನಿಲ್ಲಿಸಿ ತಲೆಯೆತ್ತುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಕಲಾಕೃತಿಯ ಜೊತೆ ಹೀಗೆ ಬದುಕಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರು ಅದನ್ನು ನೋಡಲು ಅಂತ ಬರುತ್ತಿರಲಿಲ್ಲ. ಮೊಮ್ಮಗನನ್ನು ಆಡಿಸಲು ಬರುತ್ತಿದ್ದರು, ನೋಡುವುದು ಅದರ ಜೊತೆಗೇ ನಡೆದುಹೋಗುತ್ತಿತ್ತು.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ಟಾಯ್ಲೆಟ್ಟು, ಕುಡಿಯುವ ನೀರು, ಬೆಚ್ಚಗಿನ ಗಾಳಿ, ಕೂರಲು ಜಾಗ, ಮಕ್ಕಳಿಗೆ ಆಟ, ಎದ್ದು ಹೋಗಿ ಅನ್ನದ ಕಾವಲಿನವರು. ಇಷ್ಟಿದ್ದರೆ ಕಲೆ ತಾನಾಗಿ ಜನರ ಕಣ್ಣಿಗೆ ಬೀಳುತ್ತದೆ. ಇಷ್ಟಿಲ್ಲದಿದ್ದರೆ ಎಂಥ ಮಹಾ ಶಿಲ್ಪಿಯ ಕೃತಿಯಾದರೂ ಪ್ರವಾಸಿಗರದಾಗಿಬಿಡುತ್ತದೆ. ನಮ್ಮ ಕಡೆ ಸರ್ಕಲ್ಲುಗಳಲ್ಲಿ ನಿಂತಿರುವ ಪ್ರತಿಮೆಗಳ ಸುತ್ತ ಕಬ್ಬಿಣದ ಗ್ರಿಲ್ಲು ಹಾಕಿ ಬೀಗ ಜಡಿದಿರುತ್ತಾರಲ್ಲ, ಅಲ್ಲಿ ಕಲೆಯೂ ದೂರ, ಜನರೂ ದೂರ. ಜಯಂತಿಯ ದಿನ ಹಾರ ಹಾಕಲು ಏಣಿ ಹತ್ತುವವರಿಗೆ ಮಾತ್ರ ಆ ಮುಖ ಹತ್ತಿರದಿಂದ ಕಾಣುತ್ತದೆ.

ಹೊಳೆ ಬರುವ ಪಾರ್ಕು

ಪೇಟೆಯ ಪಶ್ಚಿಮದ ಅಂಚಿನಲ್ಲಿ, ಫ್ಲ್ಯಾಟ್‌ರಾಕ್ ಮತ್ತು ಡ್ರಿಫ್ಟ್‌ವುಡ್ ಹೊಳೆಗಳು ಕೂಡುವಲ್ಲಿ ಮಿಲ್ ರೇಸ್ ಪಾರ್ಕ್ ಇದೆ. 85 ಎಕರೆ. 1992ರಲ್ಲಿ ಮೈಕಲ್ ವ್ಯಾನ್ ವಾಲ್ಕನ್‌ಬರ್ಗ್ ಇದರ ನಕ್ಷೆ ಮಾಡಿದರು. ಒಳಗಿನ ಕಟ್ಟಡಗಳು ಸ್ಟ್ಯಾನ್ಲಿ ಸೈಟೊವಿಟ್ಜ್ ಅವರವು: ಕೆಂಪು ಉಕ್ಕಿನ ಚಪ್ಪರಗಳು, 84 ಅಡಿಯ ವೀಕ್ಷಣಾ ಗೋಪುರ, ಬಯಲು ರಂಗಮಂದಿರ. ಜಲ್ಲಿ ತೆಗೆದ ಹಳೆಯ ಗುಂಡಿಯೊಂದು ಕಂಪಾಸಿನಲ್ಲಿ ಎಳೆದಷ್ಟು ದುಂಡಗಿನ ಕೆರೆಯಾಗಿದೆ. ಇದು ನೆರೆಯ ಬಯಲು. ಚಳಿಗಾಲದ ಕೊನೆಗೆ, ವಸಂತದಲ್ಲಿ ಹೊಳೆ ಏರಿದರೆ ಪಾರ್ಕಿಗೆ ನೀರು ನುಗ್ಗುತ್ತದೆ. ನೀರು ಬಂದೇ ಬರುತ್ತದೆ ಅಂತ ಒಪ್ಪಿಕೊಂಡೇ ಕಟ್ಟಿದ್ದು. ನೀರು ಇಳಿದ ಮೇಲೆ ಕೆಸರು ಬಳಿದು ಮತ್ತೆ ತೆರೆಯುತ್ತಾರೆ. 2008ರ ಜೂನ್‌ನ ದೊಡ್ಡ ನೆರೆಯಲ್ಲಿ ಊರಿನ ಆಸ್ಪತ್ರೆಯೇ ಮುಳುಗಿ ರೋಗಿಗಳನ್ನು ಸಾಗಿಸಬೇಕಾಯಿತು. ಅದನ್ನು ಕಂಡವರಿಗೆ ಹೊಳೆಗೆ ಹೀಗೆ ಜಾಗ ಬಿಡುವುದರ ಬೆಲೆ ಗೊತ್ತು.

ಮತ್ತೊಮ್ಮೆ ಅಮ್ಮ ಒಬ್ಬರೇ ಬಂದಿದ್ದಾಗ, ಮಾರ್ಚ್ ತಿಂಗಳಿನಲ್ಲಿ, ನಾವಿಬ್ಬರೂ ವಾಕಿಂಗ್ ಹೋದರೆ ಪಾರ್ಕಿನ ರಸ್ತೆಗೆ ಅಡ್ಡಗಟ್ಟಿದ್ದರು. ಚಪ್ಪರಗಳ ಕಾಲು ನೀರಲ್ಲಿ, ಬೆಂಚುಗಳ ಬೆನ್ನು ಮಾತ್ರ ಮೇಲೆ. ನಾನು ಅಯ್ಯೋ ಅಂದೆ. ಅಮ್ಮ ಅಂದರು, "ಹೊಳೆ ಬರೋ ಜಾಗಕ್ಕೆ ಹೊಳೆ ಬಂದಿದೆ, ಅಯ್ಯೋ ಅನ್ನೋಕೆ ಏನಿದೆ? ಮೊದ್ಲು ಇಲ್ಲಿ ಯಾರಿದ್ರು ಅದನ್ನ ಹೇಳು."

ಆ ಪ್ರಶ್ನೆ ಅಮ್ಮನಿಗೇ ಹೊಳೆಯಬೇಕಾದದ್ದು. ಅವರ ತವರಿನ ಕಡೆಯ ನೆಂಟರು ಗೊರೂರಿನ ಹೇಮಾವತಿ ಅಣೆಕಟ್ಟಿಗಾಗಿ ಊರು ಬಿಟ್ಟವರು. ಆ ಹಿನ್ನೀರಿನಲ್ಲೇ ಶೆಟ್ಟಿಹಳ್ಳಿಯ ಚರ್ಚು ಇರುವುದು. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಅದರ ಫೋಟೋ ನೋಡದವರು ಈಗ ಯಾರೂ ಇರಲಿಕ್ಕಿಲ್ಲ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬೆಂಗಳೂರಿನಿಂದ ಬರುತ್ತಾರೆ. ಚರ್ಚು ಕಾಣುತ್ತದೆ, ಸುತ್ತ ಇದ್ದ ಊರು ಕಾಣುವುದಿಲ್ಲ. ಅಮ್ಮ ಒಮ್ಮೆಯೂ ಅದನ್ನು ಚೆನ್ನಾಗಿದೆ ಅಂದದ್ದಿಲ್ಲ. ಅಲ್ಲಿಗೆ ಹೋದರೆ ಬೆನ್ನು ತಿರುಗಿಸಿ ನೀರಿನ ಕಡೆ ನೋಡುತ್ತಾರೆ, ಯಾರ ಗದ್ದೆ ಎಲ್ಲಿತ್ತು ಅಂತ ಕೈ ಮಾಡಿ ತೋರಿಸುತ್ತಾರೆ.

ಮಿಲ್ ರೇಸ್‌ನಲ್ಲೂ ಮೊದಲು ಜನ ಇದ್ದರು. ಚರ್ಮ ಹದ ಮಾಡುವ ಕಾರ್ಖಾನೆ ಇತ್ತು, ಅದರ ಆಚೆ ತಗ್ಗಿನಲ್ಲಿ ಬಡವರ ಜೋಪಡಿಗಳು. ಉಳಿದ ಊರು ಆ ಕೇರಿಯನ್ನು ಡೆತ್ ವ್ಯಾಲಿ, ಸಾವಿನ ಕಣಿವೆ ಅಂತ ಕರೆಯುತ್ತಿತ್ತು. ಅಲ್ಲಿ ಹುಟ್ಟಿ ಬೆಳೆದ ಮಗು ಶಾಲೆಯಲ್ಲಿ ತನ್ನ ವಿಳಾಸ ಹೇಗೆ ಹೇಳುತ್ತಿತ್ತೋ. 1960ರ ದಶಕದಲ್ಲಿ ಆ ಮನೆಗಳನ್ನು ತೆಗೆಸಿ, ಊರಿನವರೇ ಸೇರಿ ಚೊಕ್ಕ ಮಾಡಿ ಪಾರ್ಕಿಗೆ ನಾಂದಿ ಹಾಕಿದರು. ನೆರೆಯ ಬಯಲಿನಲ್ಲಿ ಯಾರೂ ಮನೆ ಮಾಡಬಾರದು ಅನ್ನುವುದು ಸರಿ, ಅದರಲ್ಲಿ ನನಗೆ ತಕರಾರಿಲ್ಲ. ಈ ಪಾರ್ಕು ನನಗೆ ಊರಿನಲ್ಲೇ ಎಲ್ಲಕ್ಕಿಂತ ಪ್ರೀತಿಯ ಜಾಗ. ಉಳಿಯುವುದಕ್ಕೆ ಬೇಕಾದ್ದೆಲ್ಲ ಇಲ್ಲಿದೆ. ನೆರಳು, ಬೆಂಚು, ಹೊಳೆಯ ದಂಡೆಯಲ್ಲಿ ಮೀನು ಹಿಡಿಯಲು ಜಾಗ, ಭಾನುವಾರ ಹತ್ತು ಭಾಷೆಯ ಕುಟುಂಬಗಳು ಅಡುಗೆ ಮಾಡಿಕೊಂಡು ಬಂದು ಚಪ್ಪರದಡಿ ಉಣ್ಣುವಷ್ಟು ಅವಕಾಶ. ಆದರೆ ನಾನು ದಿನಾ ನಡೆಯುವ ದಾರಿಯಲ್ಲಿ ಆ ಕೇರಿಯ ಮನೆಗಳ ಗುರುತು ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಬದ ಮೇಲೆ ಸೈನಿಕರ ಪತ್ರ ಕೊರೆಸಿದ ಊರು ಇದು. ಆ ಮನೆಗಳವರ ನಾಲ್ಕು ಮಾತನ್ನೂ ದಾರಿಯ ಪಕ್ಕದಲ್ಲಿ ಕೊರೆಸಬಲ್ಲದು, ಕೊರೆಸಬೇಕು. ಇವತ್ತು ನಾವು ಸಂಜೆಯವರೆಗೆ ಕೂರುವ ಜಾಗದಲ್ಲಿ ಅವರಿಗೆ ಉಳಿಯಲು ಬಿಡಲಿಲ್ಲ ಅನ್ನುವುದನ್ನು ಅಲ್ಲಿ ಕೂತವರೆಲ್ಲ ತಿಳಿದಿರಬೇಕು.

ಕೆಲವು ತಿಂಗಳ ಕಟ್ಟೆ

2017ರಲ್ಲಿ ಎಕ್ಸಿಬಿಟ್ ಕೊಲಂಬಸ್ ಅನ್ನುವ ಪ್ರದರ್ಶನ ಇಲ್ಲಿ ಶುರುವಾಯಿತು. ಈಗಿನ ಕಾಲದ ವಿನ್ಯಾಸಕಾರರು ಊರಿನ ಹಳೆಯ ಕಟ್ಟಡಗಳ ಪಕ್ಕದಲ್ಲಿ ತಾತ್ಕಾಲಿಕವಾಗಿ ಏನಾದರೂ ಕಟ್ಟುತ್ತಾರೆ, ಅವಧಿ ಮುಗಿದ ಮೇಲೆ ತೆಗೆಯುತ್ತಾರೆ. ಆ ವರ್ಷ ಸಾರಿನೆನ್ ಚರ್ಚಿನ ಅಂಗಳದಲ್ಲಿ ಒನೈಡಾ ಬುಡಕಟ್ಟಿನ ಕ್ರಿಸ್ ಕೊರ್ನೀಲಿಯಸ್ ಈ ನೆಲದ ಮೂಲ ನಿವಾಸಿಗಳ ಗುಡಿಸಲಿನ ಆಕಾರವೊಂದನ್ನು ನಿಲ್ಲಿಸಿದ್ದರು. ಲೈಬ್ರರಿಯ ಚೌಕದಲ್ಲಿ ಐಕೆಡಿ ಅನ್ನುವ ಸಂಸ್ಥೆಯವರು ಮರದ ಕಟ್ಟೆ ಕಟ್ಟಿದರು. ದುಂಡಗಿನ ಹಂತಗಳು, ಒಂದು ಕಡೆ ನೆಲದ ಮಟ್ಟಕ್ಕೆ, ಇನ್ನೊಂದು ಕಡೆ ಹತ್ತಿ ಕೂರುವಷ್ಟು ಎತ್ತರಕ್ಕೆ. ಇಂಡಿಯಾನಾದಲ್ಲೇ ಬೆಳೆದ, ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗದ ಗಟ್ಟಿಮರದ ಹಲಗೆಗಳನ್ನು ಅಡ್ಡಡ್ಡ ಅಂಟಿಸಿ ಮಾಡಿದ್ದು.

ಆ ಕಾಲದಲ್ಲಿ ಚೌಕ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಲೈಬ್ರರಿಯಿಂದ ಪುಸ್ತಕ ಹಿಡಿದು ಬಂದವರು ಅಲ್ಲೇ ಕೂತು ಓದತೊಡಗಿದರು. ಶಾಲೆ ಬಿಟ್ಟ ಮಕ್ಕಳು ಹಂತದಿಂದ ಹಂತಕ್ಕೆ ಹಾರುತ್ತಿದ್ದರು. ನಾನೂ ಮೊದಲ ಸಲ ಅಲ್ಲಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆ. ಕೂತಲ್ಲಿಂದ ಕಮಾನಿನ ಬಣ್ಣ ಬಿಸಿಲಿನ ಜೊತೆ ಹೇಗೆ ಸರಿಯುತ್ತದೆ ಅನ್ನುವುದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ನಿಂತು ನೋಡುವವರಿಗೆ ಅದು ಕಾಣುವುದಿಲ್ಲ, ಅಷ್ಟು ಹೊತ್ತು ಬೇಕು ಅದಕ್ಕೆ. ಪೇ ಅವರ ಚೌಕಕ್ಕೆ, ಮೂರ್ ಅವರ ಕಮಾನಿಗೆ ಒಂದು ಮೊಳೆಯನ್ನೂ ಹೊಡೆಯದೆ ಆ ಮರದ ಕಟ್ಟೆ ಅಷ್ಟನ್ನು ಮಾಡಿತು. ಆಮೇಲೆ ಅದನ್ನು ತೆಗೆದರು. ತಾತ್ಕಾಲಿಕ ಅಂತಲೇ ಕಟ್ಟಿದ್ದು, ತೆಗೆದದ್ದು ತಪ್ಪಲ್ಲ. ಜನ ಏನು ಕೇಳುತ್ತಿದ್ದಾರೆ ಅಂತ ಅಷ್ಟು ಚೆನ್ನಾಗಿ ಕಂಡ ಮೇಲೂ ಶಾಶ್ವತವಾಗಿ ಒಂದು ಕಟ್ಟೆ ಬಾರದೇ ಇರುವುದು ನನಗೆ ನೋವು.

ಈಗ ಇನ್ನೊಂದು ದೊಡ್ಡ ಸಂದರ್ಭ ಒದಗಿದೆ. ಊರಿನ ಉತ್ತರದಲ್ಲಿ ಎಲಿಯೆಲ್ ಅವರ ಮಗ ಈರೋ ಸಾರಿನೆನ್ ವಿನ್ಯಾಸ ಮಾಡಿದ ನಾರ್ತ್ ಕ್ರಿಶ್ಚಿಯನ್ ಚರ್ಚು ಇದೆ. ಅವರು ತೀರಿಕೊಂಡ ಮೇಲೆ 1964ರಲ್ಲಿ ಪೂರ್ತಿಯಾದದ್ದು. ಆರು ಮೂಲೆಯ ಕಟ್ಟಡ, ನೆತ್ತಿಯಿಂದ 192 ಅಡಿಗೆ ಏರುವ ಸೂಜಿಯಂಥ ಶಿಖರ. ಒಳಗೆ ಬಲಿಪೀಠ ನಟ್ಟನಡುವೆ, ಅದರ ಸುತ್ತ ಜನ ಕೂರುವ ಸಾಲುಗಳು. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು ಅನ್ನುವ ವಿನ್ಯಾಸ. ಅಷ್ಟು ಚೆನ್ನಾಗಿ ಕೂರಿಸಿದ ಚರ್ಚಿಗೆ ಬರುವವರು ಕಡಿಮೆಯಾಗುತ್ತಾ ಹೋಗಿ 2022ರಲ್ಲಿ ಸಭೆ ಮುಚ್ಚಿತು. ಕಟ್ಟಡ ಜಿಲ್ಲೆಯ ಸಾರ್ವಜನಿಕ ಲೈಬ್ರರಿಯ ಕೈಗೆ ಬಂದಿದೆ. ಕಮಾನಿನ ಎದುರಿರುವ ಅದೇ ಲೈಬ್ರರಿ. ಇದಕ್ಕೆ ಏನು ಮಾಡಬೇಕು ಅಂತ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೊಂದು ಸಲಹೆ ಇದೆ.

ನಾನು ಕೇಳುವುದು ಇಷ್ಟು. ರಾತ್ರಿ ಎಂಟರವರೆಗಾದರೂ ಬಾಗಿಲು ತೆರೆದಿರಲಿ, ಭಾನುವಾರವೂ ತೆರೆದಿರಲಿ. ಆ ಸಾಲುಗಳನ್ನು ಕಿತ್ತುಹಾಕದೆ, ಅವುಗಳಲ್ಲಿ ಕೂತು ಓದಲು ದೀಪ ಬರಲಿ. ಕೆಳಗಿನ ಮಹಡಿಯಲ್ಲಿ ಮಕ್ಕಳಿಗೆ ಗದ್ದಲ ಮಾಡಲು ಒಂದು ಕೋಣೆ, ಅಮ್ಮಂದಿರಿಗೆ ಬಿಸಿನೀರು, ಕಾರಿಲ್ಲದವರಿಗೆ ಪೇಟೆಯಿಂದ ಅಲ್ಲಿಗೆ ಬಸ್ಸು. ಸುತ್ತ ಡ್ಯಾನ್ ಕೈಲಿಯವರು ನೆಡಿಸಿದ ಮರಗಳ ಕೆಳಗೆ ಬೆಂಚು. ವಾಸ್ತುಶಿಲ್ಪಿಯ ಶುಲ್ಕ ಕೊಡಲು ಒಂದು ಪ್ರತಿಷ್ಠಾನ ಇದ್ದ ಹಾಗೆ, ಪ್ರತಿ ವರ್ಷ ಆ ಬೆಂಚುಗಳಿಗೆ ಬಣ್ಣ ಹೊಡೆಸಲು, ಬಾಗಿಲು ತೆರೆದು ಮುಚ್ಚುವವರಿಗೆ ಸಂಬಳ ಕೊಡಲು ಒಂದು ನಿಧಿ ಇರಲಿ. ಮೊದಲ ವರ್ಷದ ಹಣದಲ್ಲಿ ಲೈಬ್ರರಿ ಎದುರಿನ ಚೌಕಕ್ಕೂ ಒಂದು ಕಟ್ಟೆ ಬರಲಿ. ಮಂಡಿ ನೋವಿರುವವರು ಇಳಿದು ಏಳಲು ಕಷ್ಟಪಡದಷ್ಟು ಎತ್ತರಕ್ಕೆ, ಕಮಾನಿನಿಂದ ಹತ್ತೇ ಹೆಜ್ಜೆ ದೂರದಲ್ಲಿ.